ಕಾಡು ಗೆಣಸು ಕಿತ್ತರೆ ಕೇಸಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಬಿಳಿಗಿರಿರಂಗನ ಬೆಟ್ಟದ (ಬಿಆರ್‌ಟಿ) ಸೋಲಿಗ ಆದಿವಾಸಿಗಳು ಕಾಡಿಂದ ತಂದು ತಿನ್ನೋ ಗೆಣಸು, ಸೊಪ್ಪು, ಅಣಬೆ, ಜೇನಿನ ಬಗ್ಗೆ ಒಂದು ಪುಟ ಹಾಕಿದ್ವಿ. ರೆಸಿಪಿ ಕೇಳ್ತಾರೆ ಅಂದ್ಕೊಂಡಿದ್ರೆ ಬಂದಿದ್ದರಲ್ಲಿ ಹೆಚ್ಚಿನವು ಕಾನೂನಿನ ಪ್ರಶ್ನೆಗಳೇ, ಕೆಲವರು ಸಿಟ್ಟಲ್ಲೇ ಬರೆದಿದ್ದಾರೆ. ಆರಿಸಿದ ಕೆಲವಕ್ಕೆ ಇಲ್ಲಿ ಉತ್ತರ.

ಬೆಂಗಳೂರಿನ ಓದುಗರೊಬ್ಬರು: ಬಿಆರ್‌ಟಿ ಹುಲಿ ಮೀಸಲು ಪ್ರದೇಶ ಅಲ್ವಾ? ನಾವು ಕಾರ್ ನಿಲ್ಲಿಸಿ ಎರಡು ನೆಲ್ಲಿಕಾಯಿ ಕಿತ್ತಿದ್ದಕ್ಕೆ ಗಾರ್ಡ್ ಬಂದು ಚೆನ್ನಾಗಿ ಬೈದ. ಅದೇ ಹೊತ್ತಿಗೆ ಇಬ್ಬರು ಹೆಂಗಸರು ಸೊಪ್ಪಿನ ಗಂಟು ಹೊತ್ಕೊಂಡು ಹೋದ್ರು, ಅವರಿಗೆ ಏನೂ ಅನ್ನಲಿಲ್ಲ. ಒಂದೇ ಕಾಡಿಗೆ ಎರಡು ಕಾನೂನಾ?

ಹೌದು ಸಾರ್, ಕಾಡು ಒಂದೇ, ಕಾನೂನು ಎರಡು, ಇರಬೇಕಾದ್ದೂ ಹಂಗೇ. ನೀವು ಅಲ್ಲಿಗೆ ಟೂರಿಸ್ಟು, ಅವರು ಅಲ್ಲಿಯವರು. ಬೆಟ್ಟದ ರಂಗನಾಥನ್ನ ಸೋಲಿಗರು ರಂಗ ಭಾವ ಅಂತಾರೆ, ಅವರ ಮನೆ ಹುಡುಗಿ ಕುಸುಮಾಲೆನ ಕಟ್ಕೊಂಡ ಅಳಿಯ ಅಂತ ಲೆಕ್ಕ, ಹಂಗೆ ನೋಡಿದ್ರೆ ನೀವು ನೆಲ್ಲಿ ಕಿತ್ತಿದ್ದು ದೇವರ ಬೀಗರ ಹಿತ್ತಲಲ್ಲಿ.

ಇನ್ನು ಕಾನೂನು. ವನ್ಯಜೀವಿ ಕಾಯ್ದೆ ಬಂದಿದ್ದು 1972ರಲ್ಲಿ, ಬಿಆರ್‌ಟಿ ಅಭಯಾರಣ್ಯ ಆಗಿದ್ದು 1974ರಲ್ಲಿ. ಅಲ್ಲಿವರೆಗೂ ಕಾಡೊಳಗೆ ಜಾಗ ಬದಲಾಯಿಸ್ಕೊಂಡು ರಾಗಿ ಬೆಳ್ಕೊಂಡಿದ್ದ ಸೋಲಿಗರನ್ನ ತಂದು ಪೋಡು ಅನ್ನೋ ಚಿಕ್ಕ ಊರುಗಳಲ್ಲಿ ನೆಲೆ ನಿಲ್ಲಿಸಿದ್ರು, ಬೇಟೆ ನಿಂತೋಯ್ತು, ಹೊಲ ಚಿಕ್ಕದಾಯ್ತು, ಕೈಯಲ್ಲಿ ಉಳಿದಿದ್ದು ಕಾಡಿಂದ ಆಯ್ದು ತರೋ ಕೆಲಸ ಒಂದೇ. ನೆಲ್ಲಿ, ಸೀಗೆ, ಅಂಟುವಾಳ, ಪಾಚಿ, ಜೇನು ಇವನ್ನ ಲ್ಯಾಂಪ್ಸ್ ಅನ್ನೋ ಆದಿವಾಸಿಗಳ ಸಹಕಾರ ಸೊಸೈಟಿ ತೂಕ ಹಾಕಿ ತಗೋತಿತ್ತು, ಗೆಣಸು, ಸೊಪ್ಪು, ಅಣಬೆ ಮನೆ ಒಲೆಗೆ ಹೋಗ್ತಿತ್ತು. 2002ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು ಅಭಯಾರಣ್ಯ, ನ್ಯಾಷನಲ್ ಪಾರ್ಕ್‌ನಿಂದ ತೆಗೆದ ಯಾವ ಉತ್ಪನ್ನನೂ ವ್ಯಾಪಾರಕ್ಕೆ ಬಳಸಂಗಿಲ್ಲ ಅಂದ್ರು. ಇಲ್ಲೊಂದು ಸೂಕ್ಷ್ಮ ಇದೆ ನೋಡಿ, ಅದೇ ಸಾಲಲ್ಲಿ ಒಳಗೂ ಸುತ್ತಮುತ್ತಲೂ ಇರೋ ಜನ ಸ್ವಂತ ಅಗತ್ಯಕ್ಕೆ ಬಳಸಬಹುದು ಅಂತಾನೂ ಬರೆದಿದೆ. ಅಂದ್ರೆ ಅಷ್ಟು ಬಿಗಿ ಮಾಡಿದ ಕಾನೂನು ಕೂಡ ಸೊಪ್ಪಿನ ಗಂಟಿನ ಮೇಲೆ ಪೂರ್ತಿ ಬಾಗಿಲು ಹಾಕಿರಲಿಲ್ಲ. ಆದರೆ ಸೊಸೈಟಿ ತಕ್ಕಡಿ ನಿಂತಿತು, ಕೈಗೆ ಬರ್ತಿದ್ದ ಕಾಸು ನಿಂತಿತು, ಗಂಡಸರು ಕಾಫಿ ತೋಟದ ಕೂಲಿಗೆ ಹೋಗಬೇಕಾಯ್ತು.

ಆಮೇಲೆ ಬಂದಿದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಇದು ನಮ್ಮ ಪೇಟೆ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ, ಗೊತ್ತಿದ್ರೂ ಜಮೀನು ಹಂಚೋ ಕಾಯ್ದೆ ಅಂದ್ಕೊಂಡಿರ್ತಾರೆ. ಹಿಂದಿನಿಂದ ಆಯ್ದು ತರ್ತಿದ್ದ ಕಿರು ಅರಣ್ಯ ಉತ್ಪನ್ನದ ಮೇಲೆ ಒಡೆತನ, ತರೋ ಹಕ್ಕು, ಬಳಸೋ ಹಕ್ಕು, ಮಾರೋ ಹಕ್ಕು, ಅಷ್ಟೂ ಅದರಲ್ಲಿದೆ. ಬಿದಿರು, ಜೇನು, ಮೇಣ, ಔಷಧಿ ಗಿಡ, ಗೆಡ್ಡೆ ಗೆಣಸು ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಹೊಳೆ ಕೆರೆಯ ಮೀನಿಗೂ ಬೇರೆ ಸಾಲಿದೆ. ಅರಣ್ಯ ಭೂಮಿ ಅಂದ್ರೆ ಅಭಯಾರಣ್ಯ, ನ್ಯಾಷನಲ್ ಪಾರ್ಕ್ ಎರಡೂ ಸೇರಿದ್ದು ಅಂತಾನೂ ಅದರಲ್ಲೇ ಇದೆ. ಹೊರಗಿಟ್ಟಿರೋದು ಬೇಟೆ ಒಂದನ್ನ, ಮೊಲಕ್ಕೆ ಉರುಳು ಹಾಕಿದ್ರೂ ಅದು ಅಪರಾಧವೇ, ಯಾರು ಹಾಕಿದ್ರೂ.

2011ರ ಜನವರಿಯಲ್ಲಿ ಬಿಆರ್‌ಟಿನ ಹುಲಿ ಮೀಸಲು ಪ್ರದೇಶ ಮಾಡಿದ್ರು, ಅದೇ ವರ್ಷ ಅಕ್ಟೋಬರ್ 2ಕ್ಕೆ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಕೊಟ್ರು. ಹುಲಿ ಮೀಸಲಿನೊಳಗೆ ಇಂಥದ್ದು ಆಗಿದ್ದು ದೇಶದಲ್ಲೇ ಮೊದಲು ಅನ್ನೋ ಮಾತಿದೆ. ಹಾಗಾಗಿ ನಿಮ್ಮ ಗಾರ್ಡ್ ಆವತ್ತು ಎರಡೂ ಕಡೆ ಸರಿಯಾಗೇ ಡ್ಯೂಟಿ ಮಾಡಿದ್ದಾನೆ. ಎಲ್ಲ ಗೇಟಲ್ಲೂ ಹಿಂಗೇ ಇರುತ್ತೆ ಅಂತಲ್ಲ, ಮುಂದಿನ ಪತ್ರಗಳಲ್ಲಿ ಒಂದನ್ನ ಓದಿ.

ಮೈಸೂರಿನ ಒಬ್ಬ ವಿದ್ಯಾರ್ಥಿನಿ: ನಾನು ಬಾಟನಿ ಎಂಎಸ್ಸಿ. ಹಕ್ಕು ಸರಿ, ಆದರೆ ಗೆಣಸು ಅಂದ್ರೆ ಬೇರನ್ನೇ ಅಗೆಯೋದಲ್ವಾ? ನೆಲ್ಲಿ ಜಿಂಕೆಗೂ ಬೇಕು, ಕಳಲೆ (ಎಳೆ ಬಿದಿರು) ಆನೆಗೂ ಬೇಕು. ಇಷ್ಟು ಜನ ಆಯ್ಕೊಂಡು ಹೋದ್ರೆ ಕಾಡು ಖಾಲಿ ಆಗಲ್ವಾ?

ಒಳ್ಳೆ ಪ್ರಶ್ನೆ ಕಣಮ್ಮ, ಇದನ್ನ ಕೇಳಿದ್ರೆ ಆದಿವಾಸಿ ವಿರೋಧಿ ಅಂತ ಹಣೆಪಟ್ಟಿ ಹಚ್ಚೋರೂ ಇದ್ದಾರೆ, ನೀನು ತಲೆ ಕೆಡಿಸ್ಕೋಬೇಡ.

ಮೊದಲು ಗೆಣಸು ಹೆಂಗೆ ಅಗೀತಾರೆ ಅಂತ ಹೇಳ್ತೀನಿ. ಮಳೆಗಾಲ ಮುಗಿದು ಚಳಿ ಶುರುವಾಗೋ ಹೊತ್ತಿಗೆ ಬಳ್ಳಿ ಎಲೆ ಹಳದಿಯಾಗಿ ಉದುರೋಕೆ ಶುರು, ಆಗ ಗೆಡ್ಡೆ ಬಲಿತಿದೆ ಅಂತ ಅರ್ಥ. ತಡ ಮಾಡಿದ್ರೆ ಬಳ್ಳಿ ಪೂರ್ತಿ ಒಣಗಿ ಮುರಿದು ಗುರುತೇ ಸಿಗಲ್ಲ, ಹಾಗಾಗಿ ಕೆಲವರು ಮೊದಲೇ ಬಳ್ಳಿ ನೋಡಿಟ್ಕೊಂಡಿರ್ತಾರೆ. ಬಳ್ಳಿ ಹಿಡ್ಕೊಂಡು ಬುಡಕ್ಕೆ ಬಂದು ಮೊನೆ ಇರೋ ಕೋಲಲ್ಲಿ ಪಕ್ಕದಿಂದ ಅಗೀತಾರೆ, ನೇರ ಮೇಲಿಂದ ಅಲ್ಲ, ಯಾಕಂದ್ರೆ ನೂರೆ ಗೆಣಸಿನಂಥವು ಕೆಳಕ್ಕೆ ಇಳಿದಿರ್ತವೆ, ಕೋಲು ತಾಗಿದ್ರೆ ಅಲ್ಲೇ ತುಂಡು. ಒಬ್ಬರು ತೋಳು ಮುಳುಗೋಷ್ಟು ಗುಂಡಿ ತೋಡಿ ಮಣ್ಣು ಬಾಚಿ ಬಾಚಿ ಹಾಕ್ತಾ ಕೂತಿದ್ರೆ ಒಂದು ಗೆಡ್ಡೆಗೇ ಬೆಳಗ್ಗೆ ಕಳೆದೋಗುತ್ತೆ. ಗೆಡ್ಡೆ ಕಂಡ ಮೇಲೆ ಬಳ್ಳಿ ಅಂಟಿರೋ ತಲೆ ಭಾಗನ ಕೊಯ್ದು ಗುಂಡಿಯಲ್ಲೇ ಬಿಟ್ಟು, ಸಡಿಲ ಮಣ್ಣು ಮುಚ್ಚಿ ಬರೋದು. ಮಾರನೇ ಮಳೆಗೆ ಅದೇ ತಲೆ ಚಿಗುರುತ್ತೆ, ಅಗೆದ ಮಣ್ಣು ಮೆತ್ತಗಿರೋದ್ರಿಂದ ಗೆಡ್ಡೆ ಇಳಿಯೋಕೂ ಸಲೀಸು. ನೀನು ಬಾಟನಿ ಓದಿದೀಯ, ಇದು ಕೊಯ್ಲೋ ನಾಟಿಯೋ ನೀನೇ ಹೇಳು.

ನೆಲ್ಲಿ ಕತೆ ಬೇರೆ, ಅಲ್ಲಿ ಎರಡೂ ಕಡೆ ಮಾತಿದೆ. ಕಾಯಿಗೆ ರೇಟ್ ಬಂದಾಗ, ನಾನು ಬಿಟ್ರೆ ಇನ್ನೊಬ್ಬ ಕಿತ್ಕೋತಾನೆ ಅನ್ನೋ ಪರಿಸ್ಥಿತಿ ಇದ್ದಾಗ, ಕೊಂಬೆನೇ ಕಡಿದು ಕೆಡವಿರೋದು ಉಂಟು, ಅದನ್ನ ಮುಚ್ಚಿಡೋದು ಬೇಡ. ಆದರೆ ಬಿಆರ್‌ಟಿಯಲ್ಲಿ ನೆಲ್ಲಿ ಮರಗಳನ್ನ ವರ್ಷಗಟ್ಟಲೆ ಹಿಂದೆ ಬಿದ್ದು ಅಳೆದವರು ಮುಖ್ಯವಾಗಿ ತೋರಿಸಿರೋ ಶತ್ರುಗಳು ಎರಡು. ಒಂದು ಬಂದಣಿಕೆ, ಸೋಲಿಗರ ಬಾಯಲ್ಲಿ ಉಪ್ಪಿಲು, ಕೊಂಬೆ ಮೇಲೆ ಕೂತು ಮರದ ರಸ ಹೀರಿ ಕಾಯಿ ಕಮ್ಮಿ ಮಾಡಿ ಕೊನೆಗೆ ಮರನೇ ಒಣಗಿಸುತ್ತೆ. ಇನ್ನೊಂದು ಲಂಟಾನ, ಬ್ರಿಟಿಷರು ಹೂವಿನ ಚೆಂದಕ್ಕೆ ಅಂತ ತಂದಿದ್ದು, ಈಗ ನೆಲ ಕಾಣದಂಗೆ ಹಬ್ಬಿ ನೆಲ್ಲಿ ಸಸಿನೂ ಏಳಲ್ಲ, ಹುಲ್ಲೂ ಏಳಲ್ಲ, ಗೆಣಸಿನ ಬಳ್ಳಿ ಹುಡುಕೋಕೆ ಕಾಲಿಡೋಕೂ ಆಗಲ್ಲ.

ಸೋಲಿಗರ ಹಿರಿಯರು ಇದಕ್ಕೆ ಹೇಳೋ ಕಾರಣ ತರಗು ಬೆಂಕಿ ನಿಂತಿದ್ದು. ಬೇಸಿಗೆ ಬಲಿಯೋ ಮುಂಚೆ ಬಿದ್ದಿರೋ ತರಗೆಲೆಗೆ ಸಣ್ಣ ಬೆಂಕಿ ಇಡ್ತಿದ್ರು, ಮೊಣಕಾಲೆತ್ತರ ಬಂದು ಹೋಗೋ ಬೆಂಕಿ, ಅದರಲ್ಲಿ ಲಂಟಾನ ಸಸಿ, ಉಪ್ಪಿಲಿನ ಎಳೆ ಎಲ್ಲ ಸುಟ್ಟೋಗ್ತಿತ್ತು ಅಂತಾರೆ. ಅಭಯಾರಣ್ಯ ಆದ್ಮೇಲೆ ಕಡ್ಡಿ ಗೀರೋದೂ ಅಪರಾಧ. ಇದನ್ನ ಎಲ್ಲ ವಿಜ್ಞಾನಿಗಳೂ ಒಪ್ಪಲ್ಲ, ಲಂಟಾನ ಇಷ್ಟು ದಟ್ಟವಾದ ಮೇಲೆ ಈಗ ಬೆಂಕಿ ಇಟ್ರೆ ಅದು ಸಣ್ಣ ಬೆಂಕಿಯಾಗಿ ಉಳಿಯಲ್ಲ ಅನ್ನೋ ಭಯನೂ ನ್ಯಾಯವಾದದ್ದೇ. ನನಗನ್ನಿಸೋದು ಇಷ್ಟು, ಆಯ್ಕೊಳ್ಳೋರನ್ನ ಕಾಡಿಂದ ತೆಗೆದು ಹಾಕಿದ ಕಡೆ ಲಂಟಾನ ಏನು ಮರ್ಯಾದೆ ಕೊಟ್ಟು ಹಿಂದೆ ಸರಿದಿಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದೇ ಲಂಟಾನ ಕಡಿದು ಕುರ್ಚಿ ಬುಟ್ಟಿ ಮಾಡ್ತಾರೆ, ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿದ್ರೆ ಹೋಗಿ ನೋಡು.

ತುಮಕೂರಿನ ಟ್ರೆಕ್ಕಿಂಗ್ ಗೆಳೆಯರು: ನಾವೂ ವೀಕೆಂಡಲ್ಲಿ ಹೋಗಿ ಕಾಡಣಬೆ ಕಿತ್ತು ಕ್ಯಾಂಪ್‌ಫೈರ್ ಮಾಡಿ ತಿನ್ನಬಹುದಾ? ಗೈಡ್ ಯಾರಾದ್ರೂ ಸಿಗ್ತಾರಾ?

ಇಲ್ಲ. ಅಣಬೆ ಕಿತ್ತರೆ ಕೇಸು, ಕ್ಯಾಂಪ್‌ಫೈರ್‌ಗೆ ಇನ್ನೊಂದು ಕೇಸು, ತಪ್ಪು ಅಣಬೆ ತಿಂದ್ರೆ ಆಸ್ಪತ್ರೆ. ಹಕ್ಕು ಇರೋದು ಕಾಡನ್ನೇ ನಂಬಿ ಬದುಕಿದ ಸಮುದಾಯಕ್ಕೆ, ರೀಲ್ಸ್ ಮಾಡೋರಿಗಲ್ಲ.

ಎಚ್.ಡಿ. ಕೋಟೆ ತಾಲೂಕಿನ ಒಂದು ಹಾಡಿಯಿಂದ (ಆದಿವಾಸಿಗಳ ಊರು): ನಾವು ಜೇನು ಕುರುಬರು, ಹಾಡಿ ನಾಗರಹೊಳೆ ಅಂಚಲ್ಲಿದೆ. ನಮ್ಮಜ್ಜಿ ಗೆಣಸು ತರ್ತಿದ್ದಾಗ ಗೇಟಲ್ಲಿ ಚೀಲ ಕಿತ್ಕೊಂಡು ಕೋಲು ಮುರಿದು ಕಳಿಸಿದ್ರು. ಕೇಸ್ ಹಾಕ್ತೀವಿ ಅಂತ ಹೆದರಿಸಿದ್ರು. ಅಜ್ಜಿ ಈಗ ಕಾಡಿಗೆ ಹೋಗೋದೇ ಬಿಟ್ಟಿದೆ. ಏನು ಮಾಡೋದು ಹೇಳಿ.

ತಮ್ಮಾ, ಸಮಾಧಾನ ಹೇಳೋದಕ್ಕಿಂತ ದಾರಿ ಹೇಳ್ತೀನಿ, ಸ್ವಲ್ಪ ಉದ್ದ ಇದೆ, ಹಾಡಿಯಲ್ಲಿ ನಾಲ್ಕು ಜನ ಕೂತು ಓದ್ಕೊಳಿ.

ಅಜ್ಜಿದು ತಪ್ಪಿಲ್ಲ. ಆದರೆ ಕಾಯ್ದೆಯಲ್ಲಿರೋ ಹಕ್ಕು ನಿಮ್ಮ ಹಾಡಿ ಹೆಸರಲ್ಲಿ ಕಾಗದಕ್ಕೆ ಬಂದಿದೆಯಾ ಅನ್ನೋದು ಮೊದಲ ಪ್ರಶ್ನೆ. ನಿಮ್ಮ ಕಡೆ ಬಹಳ ಹಾಡಿಗಳಲ್ಲಿ ಮನೆ ಜಾಗಕ್ಕೆ, ಹೊಲಕ್ಕೆ ಅಂತ ವೈಯಕ್ತಿಕ ಅರ್ಜಿ ಹಾಕಿ ಕೂತಿರ್ತಾರೆ, ಅದು ಎ ಫಾರಂ. ಗೆಣಸು, ಜೇನು, ಸೊಪ್ಪು, ಮೀನು ಇದಕ್ಕೆ ಹಾಕಬೇಕಾದ್ದು ಬಿ ಫಾರಂ (ಎಲೆಕ್ಷನ್‌ದಲ್ಲ, ಇದಕ್ಕೆ ಯಾವ ಹೈಕಮಾಂಡ್ ಸಹಿನೂ ಬೇಡ), ಕಾಡಿನ ಆ ಭಾಗನ ಕಾಪಾಡಿ ನೋಡ್ಕೊಳ್ಳೋ ಹಕ್ಕೂ ಬೇಕು ಅಂದ್ರೆ ಸಿ ಫಾರಂ. ಎರಡೂ ಇಡೀ ಹಾಡಿ ಸೇರಿ ಹಾಕೋದು, ಒಬ್ಬೊಬ್ಬರಲ್ಲ.

ನಿಮ್ಮ ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿ ಇದೆಯಾ ನೋಡಿ, 10ರಿಂದ 15 ಜನ ಇರಬೇಕು, ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡದವರು, ಮೂರನೇ ಒಂದು ಪಾಲು ಹೆಂಗಸರು. ಅವರೇ ಅರ್ಜಿ ತಗೊಂಡು ಜಾಗ ನೋಡಿ ಬರೀಬೇಕು, ಗ್ರಾಮಸಭೆ ಠರಾವು ಮಾಡಬೇಕು, ಅದು ಎಸಿ ಅಧ್ಯಕ್ಷತೆಯ ಉಪವಿಭಾಗ ಸಮಿತಿಗೆ, ಅಲ್ಲಿಂದ ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತೆ. ತಿರಸ್ಕಾರ ಆದ್ರೆ ಕಾರಣ ಬರವಣಿಗೆಯಲ್ಲಿ ಕೊಡಬೇಕು, 60 ದಿನದೊಳಗೆ ಮೇಲ್ಮನವಿ ಹಾಕ್ಕೋಬಹುದು. ದಾಖಲೆ ಎಲ್ಲಿದೆ ಅಂತ ಕೇಳಿ ಹೆದರಿಸ್ತಾರೆ, ಆಗ ಹೇಳಿ: ಹಿರಿಯರ ಹೇಳಿಕೆನೂ ಸಾಕ್ಷಿ, ಹಳೇ ದೇವರ ಜಾಗ, ಸಮಾಧಿ, ಬಾವಿ ಇವೂ ಸಾಕ್ಷಿ, ಇಂಥದ್ದೇ ಕಾಗದ ತಾ ಅಂತ ಸಮಿತಿ ಹಠ ಹಿಡಿಯಂಗಿಲ್ಲ ಅಂತ ನಿಯಮದಲ್ಲೇ ಇದೆ. ಅಂದ್ರೆ ನಿಮ್ಮಜ್ಜಿ ತರದವರೇ ನಿಮ್ಮ ದೊಡ್ಡ ದಾಖಲೆ, ಯಾವ ತಿಂಗಳು ಯಾವ ಹಳ್ಳದ ಹತ್ರ ಯಾವ ಗೆಣಸು ಅಂತ ಅವರು ಹೇಳೋದನ್ನ ಕೂತು ಬರೆಸ್ಕೊಳಿ, ಕೆಳಗೆ ಹೆಬ್ಬೆಟ್ಟು ಒತ್ತಿಸಿ. ಸಾಕ್ಷಿ ಎರಡು ಥರದ್ದಾದ್ರೂ ಇರಲಿ.

ಚೀಲ ಕಿತ್ಕೊಂಡ ವಿಷಯಕ್ಕೆ, ಯಾವತ್ತು, ಎಷ್ಟು ಹೊತ್ತಿಗೆ, ಯಾವ ಗೇಟು, ಏನೇನು ತಗೊಂಡ್ರು ಅಂತ ಈಗಲೇ ಬರೆದಿಟ್ಟು ತಾಲೂಕಿನ ಪರಿಶಿಷ್ಟ ಪಂಗಡಗಳ ಕಲ್ಯಾಣ ಅಧಿಕಾರಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ತಗೊಳಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರು ಅರಣ್ಯ ಹಕ್ಕು ಅನುಭವಿಸೋದಕ್ಕೆ ಅಡ್ಡಿ ಮಾಡೋದೂ ಅಪರಾಧದ ಪಟ್ಟಿಯಲ್ಲಿದೆ. ಇದನ್ನ ಹಿಡ್ಕೊಂಡು ಗೇಟಲ್ಲಿ ಜಗಳಕ್ಕೆ ನಿಲ್ಲಬೇಡಿ, ಮೊದಲು ಲಾಯರ್ ಹತ್ರ ಹೋಗಿ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ನಿಮಗೆ ವಕೀಲರು ಪುಕ್ಕಟೆ ಸಿಗ್ತಾರೆ.

ನಾಗರಹೊಳೆಯಿಂದ ಹೊರಗೆ ಬಿದ್ದ ಆದಿವಾಸಿ ಕುಟುಂಬಗಳನ್ನ ಲೆಕ್ಕ ಹಾಕೋಕೆ ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಡ್ತು, 3,418 ಕುಟುಂಬ ಅಂತ. ನಿಮ್ಮ ಹಾಡಿ ಹೆಸರು ಅದರಲ್ಲಿದ್ರೆ ಆ ಪುಟದ ಜೆರಾಕ್ಸ್ ಕೂಡ ಅರ್ಜಿ ಜೊತೆ ಪಿನ್ ಹೊಡೀರಿ. ಅಜ್ಜಿಗೆ ಹೊಸ ಕೋಲು ಮಾಡಿಕೊಡಿ.

ಮೈಸೂರಿನ ನಿವೃತ್ತ ಅಧಿಕಾರಿ: ಅವರಿಗೆ ರೇಷನ್ ಇದೆ, ಪೌಷ್ಟಿಕ ಆಹಾರದ ಕಿಟ್ ಇದೆ. ಇನ್ನೂ ಕಾಡಲ್ಲೇ ಹೊಟ್ಟೆ ಹೊರೀಬೇಕು ಅಂತ ನಿಮ್ಮಂಥವರು ಬಯಸೋದು ಅವರನ್ನ ಹಿಂದೆ ಇಡೋದಲ್ವಾ?

ಕಿಟ್ ಬೇಡ ಅಂತ ಯಾರೂ ಅಂದಿಲ್ಲ ಸಾರ್, ಮೊಟ್ಟೆ, ಬೇಳೆ, ಎಣ್ಣೆ ಬಂದ್ರೆ ಮಕ್ಕಳಿಗೆ ಒಳ್ಳೇದೇ. ಆದರೆ ಅಕ್ಕಿ ಕೊಟ್ಟಿದ್ದೀವಲ್ಲ ಇನ್ನು ಸೊಪ್ಪು ಯಾಕೆ ಅನ್ನೋ ಮಾತನ್ನ ನಿಮ್ಮ ಮನೆಯಲ್ಲಿ ಅಡುಗೆ ಮಾಡೋರ ಮುಂದೆ ಒಂದ್ಸಲ ಹೇಳಿ ನೋಡಿ. ಮಳೆ ಬಿದ್ದ ಮೇಲೆ ಅಣ್ಣೆ ಸೊಪ್ಪು, ತಗಚೆ ಸೊಪ್ಪು, ಅಣಬೆ, ಕಳಲೆ, ಚಳಿಗೆ ಗೆಣಸು, ಬೇಸಿಗೆಗೆ ಕಾರೆ ಹಣ್ಣು, ನೇರಳೆ, ಜೇನು, ಇದೆಲ್ಲ ರೇಷನ್ ಅಂಗಡಿ ಹಲಗೆ ಮೇಲೆ ಯಾವತ್ತೂ ಬರಲ್ಲ. ಹಾಡಿ ಹುಡುಗ್ರು ಎಂಎ ಮಾಡ್ತಿದ್ದಾರೆ, ನರ್ಸ್ ಆಗಿದ್ದಾರೆ, ಮಾಡ್ಲಿ, ಊರಿಗೆ ಬಂದಾಗ ಅಜ್ಜಿ ಸುಟ್ಟುಕೊಟ್ಟ ಗೆಣಸು ತಿಂದ್ರೆ ಡಿಗ್ರಿ ಏನೂ ವಾಪಸ್ ಹೋಗಲ್ಲ. ಮಲೆನಾಡಿನ ನಮ್ಮ ನೆಂಟರು ಬೆಂಗಳೂರು ಫ್ಲ್ಯಾಟಿಗೆ ಅಪ್ಪೆಮಿಡಿ ತರಿಸ್ಕೊಳ್ಳೋದನ್ನ ನಾವು ಸಂಸ್ಕೃತಿ ಅಂತೀವಿ, ಇವರು ತಂದ್ರೆ ಹಿಂದುಳಿದಿರೋದು ಅಂತೀವಿ.

ಅಮೆರಿಕದ ನಾರ್ತ್ ಕ್ಯಾರೊಲೈನಾದಿಂದ ಕನ್ನಡಿಗರೊಬ್ಬರು: ನಾವು ಷಾರ್ಲಟ್‌ನಲ್ಲಿದ್ದೀವಿ, ಗ್ರೇಟ್ ಸ್ಮೋಕಿ ಮೌಂಟನ್ಸ್ ನ್ಯಾಷನಲ್ ಪಾರ್ಕಿಗೆ ಹೋಗ್ತಿರ್ತೀವಿ. ಪಕ್ಕದಲ್ಲೇ ಚೆರೋಕಿ ಅನ್ನೋ ಅಲ್ಲಿನ ಮೂಲನಿವಾಸಿ ಜನರ ಊರಿದೆ. ಅವರಿಗೂ ಸೋಲಿಗರ ಥರದ್ದೇ ತಕರಾರು ಇತ್ತು ಅಂತ ಕೇಳಿದ್ದೆ, ನಿಜಾನಾ?

ನಿಜ, ಮತ್ತೆ ಅದು ತಮಾಷೆಯಾಗೂ ಇದೆ. ಆ ಪಾರ್ಕ್ ಆಗಿದ್ದು 1934ರಲ್ಲಿ, ಚೆರೋಕಿ ಜನ ಅದಕ್ಕೂ ಎಷ್ಟೋ ತಲೆಮಾರು ಮುಂಚಿನಿಂದ ಅಲ್ಲಿ ವಸಂತ ಬಂದ ಕೂಡಲೇ ಸೋಚಾನ್ ಅನ್ನೋ ಸೊಪ್ಪು ಕುಯ್ತಿದ್ರು. ಹಳದಿ ಹೂ ಬಿಡೋ ಗಿಡ, ನೀವು ತೊರೆ ಪಕ್ಕ ನೋಡೇ ಇರ್ತೀರ. ಎಳೆ ಎಲೆ ಕುಯ್ದು ಮೊದಲು ಬೇಯಿಸಿ ನೀರು ಬಸಿದು ಆಮೇಲೆ ಕೊಬ್ಬಲ್ಲಿ ಹುರೀತಾರೆ, ನಮ್ಮ ಸೊಪ್ಪಿನ ಪಲ್ಯದ ದಾರಿನೇ. ಬೇರು ಕೀಳಲ್ಲ, ಎಲೆ ಕುಯ್ದ ಜಾಗದಲ್ಲಿ ಮತ್ತೆ ಬರುತ್ತೆ. ಆದರೆ ಪಾರ್ಕ್ ನಿಯಮದಲ್ಲಿ ಗಿಡದ ಎಲೆ ಕೀಳೋದು ನಿಷಿದ್ಧ, ಅದೇ ಪಾರ್ಕಲ್ಲಿ ನಿಮ್ಮಂಥ ಟೂರಿಸ್ಟ್ ಬೆರಿ ಹಣ್ಣು, ಅಣಬೆ ಮಿತಿಯೊಳಗೆ ಕಿತ್ತು ತಿನ್ನೋಕೆ ಅವಕಾಶ ಇದೆ! ಬಿಆರ್‌ಟಿ ಗಾರ್ಡ್‌ಗೆ ಇದನ್ನ ಹೇಳಿದ್ರೆ ನಂಬಲ್ಲ.

2016ರಲ್ಲಿ ಅಲ್ಲಿನ ನ್ಯಾಷನಲ್ ಪಾರ್ಕ್ ಸರ್ವಿಸ್ ನಿಯಮ ಬದಲಾಯಿಸಿ, ಫೆಡರಲ್ ಸರ್ಕಾರದ ಮಾನ್ಯತೆ ಇರೋ ಬುಡಕಟ್ಟಿನವರು ಪಾರ್ಕಿನ ಜೊತೆ ಒಪ್ಪಂದ ಮಾಡ್ಕೊಂಡು ಸಾಂಪ್ರದಾಯಿಕ ಬಳಕೆಗೆ ಗಿಡ ಆಯ್ಕೋಬಹುದು ಅಂದ್ರು. ಮೊದಲು ಪರಿಸರದ ಮೇಲಿನ ಪರಿಣಾಮ ನೋಡಬೇಕು, ಪರ್ಮಿಟ್ ಬೇಕು, ಮಾರಂಗಿಲ್ಲ. ಆ ದಾರಿಯಲ್ಲಿ 2019ರಲ್ಲಿ ಈಸ್ಟರ್ನ್ ಬ್ಯಾಂಡ್ ಅನ್ನೋ ಆ ಭಾಗದ ಚೆರೋಕಿ ಬುಡಕಟ್ಟಿಗೆ ಸೋಚಾನ್ ಕುಯ್ಯೋ ಒಪ್ಪಂದ ಆಯ್ತು. ರ್‍ಯಾಂಪ್ಸ್ ಅನ್ನೋ ಕಾಡು ಈರುಳ್ಳಿಗೆ ಮಾತ್ರ ಅಷ್ಟು ಸಲೀಸಿಲ್ಲ, ಅದನ್ನ ಗೆಡ್ಡೆ ಸಮೇತ ಕಿತ್ತರೆ ಮತ್ತೆ ಚೇತರಿಸ್ಕೊಳ್ಳೋಕೆ ವರ್ಷಗಳೇ ಬೇಕು.

ಹೋಲಿಸಿ ನೋಡಿದ್ರೆ ಕಾಗದದ ಮೇಲೆ ನಮ್ಮ ಕಾಯ್ದೆನೇ ಉದಾರ, ಮಾರೋ ಹಕ್ಕೂ ಇದೆ, ಒಂದೊಂದು ಗಿಡಕ್ಕೂ ಒಂದೊಂದು ಒಪ್ಪಂದ ಬೇಕಿಲ್ಲ. ಆದರೆ ಅಲ್ಲಿ ಪರ್ಮಿಟ್ ಕೈಗೆ ಬಂದ ಮೇಲೆ ಆ ಸೊಪ್ಪನ್ನ ಗೇಟಲ್ಲಿ ಕಿತ್ಕೊಳ್ಳೋಕೆ ನೆಪ ಇಲ್ಲ, ಇಲ್ಲಿ ಕಾಯ್ದೆ ಬಂದು ಇಷ್ಟು ವರ್ಷ ಆದ್ರೂ ಹಕ್ಕುಪತ್ರ ತೋರಿಸೋ ಸರದಿ ಅಜ್ಜಿದೇ.

ಸಕಲೇಶಪುರದ ಗೃಹಿಣಿ: ಸಂತೆಯಲ್ಲಿ ಕಳಲೆ ತಗೊಂಡೆ. ಈಗ ಭಯ ಆಗ್ತಿದೆ, ಇದು ಕಾನೂನುಬಾಹಿರನಾ? ಕಹಿ ತೆಗೆಯೋದು ಹೇಗೆ?

ತೋಟದ ಬೇಲಿಯ ಬಿದಿರಿಂದು ಆಗಿದ್ರೆ ಏನೂ ಭಯ ಬೇಡ, 2017ರ ತಿದ್ದುಪಡಿ ಆದ್ಮೇಲೆ ಕಾಡಿನ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯ್ದೆಯಲ್ಲಿ ಮರ ಅಲ್ಲ. ಕಾಡಿಂದು ಆದ್ರೆ ಹಕ್ಕು ಇರೋ ಸಮುದಾಯದವರು ತಂದಿದ್ದಾರಾ, ರಾತ್ರಿ ಯಾರೋ ಜೀಪಲ್ಲಿ ತುಂಬ್ಕೊಂಡು ಬಂದಿದ್ದಾ ಅನ್ನೋದರ ಮೇಲೆ. ಮಾರೋರನ್ನ ಎಲ್ಲಿಂದು ಅಂತ ಕೇಳಿ, ತೋಟದವರಾದ್ರೆ ತಡವರಿಸದೆ ಹೇಳ್ತಾರೆ.

ಅಡುಗೆಗೆ ಬಂದ್ರೆ ಹೊರಗಿನ ಸಿಪ್ಪೆ ಎಲ್ಲ ಸುಲಿದು ಎಳೆ ಭಾಗ ಮಾತ್ರ ಇಟ್ಕೊಳಿ, ತೆಳ್ಳಗೆ ಹೆಚ್ಚಿ ಮುಳುಗೋಷ್ಟು ನೀರಲ್ಲಿ ಹಾಕಿ, ಎರಡು ಮೂರು ದಿನ ದಿನಾ ನೀರು ಚೆಲ್ಲಿ ಹೊಸ ನೀರು ಹಾಕಿ. ಹಸಿ ಕಳಲೆಯಲ್ಲಿ ಸಯನೈಡ್ ಅಂಶ ಇರುತ್ತೆ, ಹಾಗಾಗಿ ಅವಸರ ಮಾಡಿ ಒಂದೇ ದಿನಕ್ಕೆ ಒಲೆಗೆ ಇಡಬೇಡಿ, ಮಕ್ಕಳಿಗೆ ಹಸಿ ಚೂರು ಬಾಯಿಗೆ ಹಾಕೋಕೂ ಬಿಡಬೇಡಿ. ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಬಸಿದು, ಹೆಸರುಕಾಳು ಹಾಕಿ ಪಲ್ಯನೋ ಸಾರೋ ಮಾಡ್ಕೊಳಿ. ವಾಸನೆ ಸ್ವಲ್ಪ ಇರುತ್ತೆ, ಅದಕ್ಕೆ ಏನೂ ಮಾಡೋಕಾಗಲ್ಲ.